ಅಜ್ಜ ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಕೂಡಿಸಿಕೊಂಡು ಪಿಲಿಕುಳಕ್ಕೆ ಹೋಗುವ ಕ್ರಮ

ರಜಾದಿವಸಗಳಲ್ಲಿ ಮನೆಮಂದಿಯೆಲ್ಲ ಕೂಡಿ ವಿನೋದೋದ್ಯಾನಗಳಿಗೆ ಹೋಗಿಬರುವ ವಾಡಿಕೆಯು ಈಗ ನಮ್ಮ ಬಂಟ್ವಾಳ ಸೀಮೆಯಲ್ಲಿಯೂ ನೆಲೆಗೊಂಡಿದೆ. ನರಿಕೊಂಬು, ಪಾಣೆಮಂಗಳೂರು ಕಡೆಗಳಿಂದ ಮಂಗಳೂರಿನ ಪಿಲಿಕುಳಕ್ಕೆ ಹೊರಡುವ ಕುಟುಂಬಗಳು ಅನೇಕ. ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ಆದರೆ ಒಂದು ಸಂಗತಿಯನ್ನು ನಾವು ಬಹುಕಾಲದಿಂದ ಗಮನಿಸುತ್ತಾ ಬಂದಿದ್ದೇವೆ. ಮಕ್ಕಳು ಆಡುತ್ತಾರೆ, ತಂದೆತಾಯಿಗಳು ಅವರ ಹಿಂದೆ ಓಡುತ್ತಾರೆ, ಅಜ್ಜಿಯವರಾದರೋ ಮರದಡಿಯ ಬೆಂಚಿನ ಮೇಲೆ ಏಳೆಂಟು ಚೀಲಗಳ ನಡುವೆ ಕೂತು ದಿನವಿಡೀ ಅವುಗಳನ್ನು ಕಾಯುತ್ತಾರೆ. ಸಾಯಂಕಾಲ ಮನೆಗೆ ಬಂದ ಮೇಲೆ ಹೇಗಿತ್ತೆಂದು ಕೇಳಿದರೆ, "ಮಕ್ಕಳಿಗೆ ಖುಷಿಯಾಯಿತಲ್ಲ, ಸಾಕು" ಎನ್ನುತ್ತಾರೆ. ಈ ಮಾತನ್ನು ಸಂತೋಷದ ಮಾತೆಂದು ತಿಳಿದವರು ಇನ್ನೊಮ್ಮೆ ಆಲೋಚಿಸಬೇಕು.

ಪೊಳಲಿಯ ಚೆಂಡಿಗೋ ಊರಿನ ನೇಮಕ್ಕೋ ಇಗರ್ಜಿಯ ಹಬ್ಬಕ್ಕೋ ಹೋಗುವಾಗ ಹೀಗಾಗುವದಿಲ್ಲ. ಅಲ್ಲಿ ಮುಂದಾಳು ಅಜ್ಜಿಯೇ. ಯಾವ ಅಂಗಡಿಯ ಬಚ್ಚಂಗಾಯಿ ಸಿಹಿ, ಎದುರಿಗೆ ಬಂದವರು ಯಾವ ಮನೆಯವರು, ಎಲ್ಲಿ ನಿಂತರೆ ನೂಕುನುಗ್ಗಲು ತಾಗದು ಎಂಬದೆಲ್ಲ ಅವರಿಗೆ ಗೊತ್ತು. ಮಕ್ಕಳು ಅವರ ಸೆರಗು ಹಿಡಿದು ನಡೆಯುತ್ತಾರೆ. ವಿನೋದೋದ್ಯಾನದಲ್ಲಾದರೋ ಅವರ ತಿಳುವಳಿಕೆಗೆ ಕೆಲಸವಿಲ್ಲ. ಆದುದರಿಂದ ಚೀಲ ಕಾಯುವ ಉದ್ಯೋಗವು ತಾನಾಗಿಯೇ ಅವರ ಪಾಲಿಗೆ ಬರುತ್ತದೆ. ಏರ್ಪಾಡು ಮಾಡುವವರು ಮೊದಲು ಕೇಳಿಕೊಳ್ಳತಕ್ಕದ್ದು ಇದು: ಈ ದಿವಸದಲ್ಲಿ ಹಿರಿಯರ ಪಾಲು ಯಾವದು?

ವಿಚಿತ್ರವೇನಂದರೆ, ಇಂದಿನ ವಿನೋದೋದ್ಯಾನಗಳಲ್ಲಿ ಅನೇಕವುಗಳಿಗೆ ಮಾದರಿಯಾದ ಅಮೇರಿಕದ ಡಿಸ್ನಿಲ್ಯಾಂಡಿನ ಯೋಚನೆಯು ಹುಟ್ಟಿದ್ದೇ ಬೆಂಚಿನ ಮೇಲೆ ಕೂತವರೊಬ್ಬರ ಬೇಸರದಿಂದ. ವಾಲ್ಟ್ ಡಿಸ್ನಿಯವರು ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದೊಯ್ದು, ಮಕ್ಕಳು ತಿರುಗುವ ಮರದ ಕುದುರೆಗಳ ಮೇಲೆ ಸುತ್ತುತ್ತಿರುವಾಗ ತಾವು ಬೆಂಚಿನಲ್ಲಿ ಕೂತು ನೆಲಗಡಲೆ ತಿನ್ನುತ್ತಾ, ದೊಡ್ಡವರೂ ಮಕ್ಕಳೂ ಕೂಡಿಯೇ ಸಂತೋಷಪಡುವ ಸ್ಥಳವೊಂದು ಯಾಕೆ ಇರಬಾರದೆಂದು ಆಲೋಚಿಸಿದರಂತೆ. ಅವರ ಉದ್ಯಾನವು ೧೯೫೫ನೆಯ ಇಸವಿ ಜುಲಾಯಿ ೧೭ರಂದು ತೆರೆಯಿತು. ಆ ದಿವಸ ಬಿಸಿಲು ಬಹಳ. ಹೊಸದಾಗಿ ಹಾಕಿದ ಡಾಮರು ಮೆತ್ತಗಾಗಿ ಸ್ತ್ರೀಯರ ಪಾದರಕ್ಷೆಗಳ ಹಿಮ್ಮಡಿಗಳು ಅದರಲ್ಲಿ ಹುಗಿದವು. ಕೊಳಾಯಿ ಕೆಲಸಗಾರರ ಮುಷ್ಕರದ ದೆಸೆಯಿಂದ ಕುಡಿಯುವ ನೀರಿನ ನಲ್ಲಿಗಳು ಸಾಲದೆ ಹೋದವು. ಕೋಟಿಗೆ ಮಿಕ್ಕಿ ಡಾಲರು ಖರ್ಚಾದ ಸ್ಥಳದಲ್ಲಿ ಕೊರತೆಯಾದದ್ದು ಕುಡಿಯುವ ನೀರೂ ಕಾಲಿಡುವ ನೆಲವೂ! ಹಿರಿಯರನ್ನು ಕರೆದುಕೊಂಡು ಹೋಗುವವರು ಮೊದಲು ನೋಡತಕ್ಕದ್ದು ಇವೆರಡನ್ನೇ, ಇವುಗಳೊಂದಿಗೆ ನೆರಳನ್ನೂ.

ಪಿಲಿಕುಳವೆಂದರೆ ತುಳುವಿನಲ್ಲಿ ಹುಲಿಯ ಕೊಳ. ಮಂಗಳೂರಿನ ವಾಮಂಜೂರಿನಿಂದ ಒಳಗೆ, ಮೂಡುಶೆಡ್ಡೆಯಲ್ಲಿ, ೩೫೦ ಎಕರೆಗಿಂತಲೂ ಹೆಚ್ಚಿನ ನೆಲದಲ್ಲಿ ಇದು ಹಬ್ಬಿದೆ. ಹುಲಿ, ಸಿಂಹ, ಕಾಳಿಂಗ ಸರ್ಪಗಳುಳ್ಳ ಪ್ರಾಣಿಗಳ ಉದ್ಯಾನ, ದೋಣಿವಿಹಾರದ ಕೆರೆ, ವಿಜ್ಞಾನ ಕೇಂದ್ರ, ೨೦೧೮ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯ, ಗುತ್ತಿನ ಮನೆ, ಕುಶಲಕರ್ಮಿಗಳ ಗ್ರಾಮ, ಸಮೀಪದಲ್ಲಿಯೇ ಮಾನಸ ಎಂಬ ನೀರಿನಾಟದ ಉದ್ಯಾನ, ಇಷ್ಟೂ ಅಲ್ಲಿ ಉಂಟು. ನಮ್ಮ ಕಡೆಯವರು ಬಿ.ಸಿ. ರೋಡಿನಿಂದ ಪೊಳಲಿ, ಕೈಕಂಬ, ಗುರುಪುರ ಮಾರ್ಗವಾಗಿ ಹೋದರೆ ಮಂಗಳೂರು ಪೇಟೆಯ ಗದ್ದಲವನ್ನು ತಪ್ಪಿಸಬಹುದು. ಸೋಮವಾರ ಪ್ರಾಣಿಗಳ ಉದ್ಯಾನಕ್ಕೆ ರಜೆ. ಮುಂಚಿನ ದಿವಸ ಟೆಲಿಫೋನು ಮಾಡಿ, ತಾರಾಲಯದ ಪ್ರದರ್ಶನದ ಸಮಯವನ್ನೂ, ನಡೆಯಲಾರದವರಿಗೆ ಗಾಲಿಕುರ್ಚಿಯೋ ವಾಹನವೋ ಸಿಕ್ಕುವದೋ ಎಂಬದನ್ನೂ ವಿಚಾರಿಸಿಕೊಂಡು ಹೊರಡುವದು ಒಳ್ಳೇದು.

ಇಷ್ಟೆಲ್ಲವನ್ನೂ ಒಂದೇ ದಿವಸದಲ್ಲಿ ನೋಡಿ ಮುಗಿಸಬೇಕೆಂಬ ಹಠವು ಟಿಕೇಟಿನ ಹಣವನ್ನು ವಸೂಲು ಮಾಡುವ ಆಶೆಯಿಂದ ಹುಟ್ಟುತ್ತದೆ. ಎಪ್ಪತ್ತು ವರ್ಷದವರೂ ಐದು ವರ್ಷದವರೂ ಜೊತೆಯಲ್ಲಿರುವಾಗ ಮೂರು ಸ್ಥಳಗಳು ಸಾಕು. ನಮ್ಮ ಅಭಿಪ್ರಾಯದಲ್ಲಿ ನೀರಿನಾಟಕ್ಕೆ ಬೇರೆಯೇ ಒಂದು ದಿವಸವನ್ನಿಡಬೇಕು. ಅದು ಮಕ್ಕಳ ದಿವಸ, ಹಿರಿಯರು ಇಷ್ಟವಿದ್ದರೆ ಬರಲಿ. ಎಲ್ಲರೂ ಕೂಡಿ ಹೋಗುವ ದಿವಸ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಪ್ರಾಣಿಗಳ ಉದ್ಯಾನದಲ್ಲಿರಬೇಕು. ತಂಪುಹೊತ್ತಿನಲ್ಲಿ ಹುಲಿಯೂ ಎದ್ದು ಓಡಾಡುತ್ತದೆ, ಅಜ್ಜನ ಕಾಲೂ ಓಡಾಡುತ್ತದೆ. ಮಧ್ಯಾಹ್ನವಾದರೆ ಎರಡೂ ನೆರಳು ಹುಡುಕುತ್ತವೆ. ಬಿಸಿಲೇರಿದ ಹೊತ್ತನ್ನು ತಾರಾಲಯದ ತಂಪಿನಲ್ಲಿ ಕಳೆಯಬಹುದು. ಅಲ್ಲಿ ಚಿತ್ರಗಳು ಮೈಮೇಲೆ ಬಂದಂತೆ ಕಾಣುವದರಿಂದ ಕೆಲವರಿಗೆ ತಲೆಸುತ್ತು ಬರುವದುಂಟು. ನಾವು ಚಲಿಸುತ್ತಿದ್ದೇವೆಂದು ಕಣ್ಣು ಹೇಳುತ್ತದೆ, ಇಲ್ಲವೆಂದು ಒಳಕಿವಿ ಹೇಳುತ್ತದೆ. ಈ ಎರಡು ಸಾಕ್ಷಿಗಳ ಜಗಳವೇ ಓಕರಿಕೆಗೆ ಕಾರಣ. ಕೊಟ್ಟ ಕನ್ನಡಕವನ್ನು ತೆಗೆದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರೆ ಸಾಮಾನ್ಯವಾಗಿ ಶಮನವಾಗುತ್ತದೆ.

ಹಿರಿಯರ ಪಾಲು ಎಂದೆವಲ್ಲ. ಅದು ಇರುವದು ಗುತ್ತಿನ ಮನೆಯಲ್ಲಿ ಮತ್ತು ಕುಶಲಕರ್ಮಿಗಳ ಗ್ರಾಮದಲ್ಲಿ. ಅನೇಕರು ಇವನ್ನು ಹತ್ತು ನಿಮಿಷದಲ್ಲಿ ನೋಡಿ, ಪಟ ತೆಗೆದು ಹೊರಡುತ್ತಾರೆ. ನಾವಾದರೋ ದಿನದ ಮುಖ್ಯಭಾಗವನ್ನು ಇವಕ್ಕೇ ಕೊಡಬೇಕೆನ್ನುತ್ತೇವೆ. ಚಾವಡಿಯ ಕಂಬದ ಬಳಿಯಲ್ಲಿ ಅಜ್ಜಿಯು ಒಮ್ಮೆ ನಿಂತರೆ ಸಾಕು, ಮನೆಯಲ್ಲಿ ಕೇಳಿಯೇ ಇರದ ಮಾತುಗಳು ಹೊರಡುತ್ತವೆ. ಕುಂಬಾರನ ತಿಗರಿ, ಕಮ್ಮಾರನ ತಿದಿ, ಬೆತ್ತದ ಬುಟ್ಟಿ, ಅವಲಕ್ಕಿ ಕುಟ್ಟುವದು, ಗಾಣ, ಇವು ಮಕ್ಕಳಿಗೆ ಪ್ರದರ್ಶನದ ವಸ್ತುಗಳು, ಅಜ್ಜ ಅಜ್ಜಿಯರಿಗೆ ಬಾಳಿದ ಬಾಳು. ಮಗುವಿನ ಕೈಗೆ ಒಂದು ಸಣ್ಣ ಪುಸ್ತಕ ಕೊಟ್ಟು, ಅಜ್ಜಿ ಹೇಳುವ ಹತ್ತು ತುಳು ಹೆಸರುಗಳನ್ನು ಬರೆದುಕೊಳ್ಳಲು ಹೇಳಿರಿ. (ಅಧ್ಯಾಪಕಿಯರಿಗೆ ಪುಸ್ತಕ ಬಿಟ್ಟರೆ ಬೇರೇನು ತೋಚುತ್ತದೆ ಎಂದು ನಮ್ಮ ಹಳೇ ವಿದ್ಯಾರ್ಥಿನಿಯರು ನಗುವರೆಂದು ಬಲ್ಲೆವು.) ಆ ಹೊತ್ತಿನಲ್ಲಿ ಚೀಲಗಳನ್ನು ತಂದೆಯವರು ಹೊತ್ತುಕೊಳ್ಳಲಿ.

ಇನ್ನು ದೇಹದ ವಿಷಯ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವವು ಹೆಚ್ಚಾದ್ದರಿಂದ ಬೆವರು ಬೇಗ ಆರುವದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವದಿಲ್ಲ. ಇದಕ್ಕಿಂತ ದೊಡ್ಡ ಅಡ್ಡಿಯೊಂದುಂಟು. ಅದನ್ನು ಯಾರೂ ಬಾಯಿಬಿಟ್ಟು ಹೇಳುವದಿಲ್ಲ. ಶೌಚಾಲಯ ಎಲ್ಲಿದೆಯೋ ಎಷ್ಟು ದೂರವೋ ಎಂಬ ಸಂಕೋಚದಿಂದ ಅಜ್ಜಿಯಂದಿರು ಬೆಳಗಿನಿಂದಲೇ ನೀರು ಕುಡಿಯುವದನ್ನು ಬಿಟ್ಟುಬಿಡುತ್ತಾರೆ. ರಕ್ತದೊತ್ತಡಕ್ಕಾಗಿ ಮೂತ್ರ ಹೋಗುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದರ ಫಲವು ತಲೆತಿರುಗಿ ಬೀಳುವದು. ಆದುದರಿಂದ ಸೊಸೆಯೋ ಮಗಳೋ ಒಳಗೆ ಹೋದೊಡನೆ ಶೌಚಾಲಯಗಳನ್ನು ನೋಡಿಕೊಂಡು, ಕೇಳುವ ಮೊದಲೇ, "ಅತ್ತೆ, ಇಲ್ಲಿಯೇ ಹತ್ತಿರ ಉಂಟು" ಎಂದು ಹೇಳಲಿ. ಸಕ್ಕರೆ ಕಾಯಿಲೆಯವರ ಊಟದ ಹೊತ್ತು ಮೀರಕೂಡದು. ಸಾಲಿನಲ್ಲಿ ನಿಂತು ಎರಡು ಗಂಟೆಯಾಯಿತೆಂಬ ನೆವವು ಇನ್ಸುಲಿನ್ನಿಗೆ ತಿಳಿಯುವದಿಲ್ಲ. ಕೈಚೀಲದಲ್ಲಿ ಅವರ ಔಷಧದ ಚೀಟಿಯೂ ತುಸು ಸಕ್ಕರೆಯೂ ಇರಲಿ.

ನೀರಿನಾಟದ ದಿವಸಕ್ಕೆ ಬೇರೆ ಎಚ್ಚರಿಕೆ ಬೇಕು. ಅಲೆಗಳ ಕೊಳದ ನೆಲವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲನೆ ಇಳಿಯುತ್ತಾ ಹೋಗುತ್ತದೆ. ಮೊಣಕಾಲಿನಷ್ಟು ನೀರೆಂದು ನಿಂತ ಮಗುವನ್ನು ಅಲೆಯು ಹಿಂದೆ ಸರಿಯುವಾಗ ಎಳೆದುಬಿಡಬಹುದು. ಮುಳುಗುವ ಮಗುವು ಕೂಗುತ್ತದೆಂಬದು ತಪ್ಪು ತಿಳುವಳಿಕೆ. ಉಸಿರೆಳೆಯುವದಕ್ಕೇ ಬಾಯಿ ಸಾಲದಿರುವಾಗ ಕೂಗುವದು ಹೇಗೆ? ಅದು ಸದ್ದಿಲ್ಲದೆ ಮುಳುಗುತ್ತದೆ. ಕಾವಲುಗಾರರು ಇದ್ದಾರೆಂದು ತಾಯಿ ಮೊಬೈಲು ನೋಡುತ್ತಾ ಕೂರಬಾರದು. ಚಿಕ್ಕ ಮಗುವು ಕೈಗೆ ಎಟಕುವಷ್ಟು ಹತ್ತಿರದಲ್ಲಿರಬೇಕು. ಮಕ್ಕಳನ್ನು ನೋಡಿಕೊಳ್ಳುವ ಈ ಕೆಲಸವನ್ನು ದಡದಲ್ಲಿರುವ ಅಜ್ಜನ ಮೇಲೆ ಹೊರಿಸುವದು ಅನ್ಯಾಯ, ಯಾಕಂದರೆ ಅಪಾಯ ಕಂಡರೂ ಅವರು ಓಡಿಹೋಗಲಾರರು.

ಇದಕ್ಕಿಂತ ದೊಡ್ಡ ಆಟಗಳು ಬೇಕೆನ್ನುವವರು ಬಿಡದಿಯಲ್ಲಿ ೨೦೦೫ರಲ್ಲಿ ಆರಂಭವಾದ ವಂಡರ್‌ಲಾಕ್ಕೆ ಹೋಗುತ್ತಾರೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ, ನಿದ್ರೆಯಿಲ್ಲದೆ ಬೆಳಿಗ್ಗೆ ಉದ್ಯಾನಕ್ಕೆ ನುಗ್ಗಿ, ಪುನಃ ರಾತ್ರಿಯ ಬಸ್ಸಿಗೆ ಮರಳುವ ಕ್ರಮವು ಹುಡುಗರಿಗೆ ಸರಿ; ಹಿರಿಯರಿದ್ದರೆ ನಡುವೆ ಒಂದು ರಾತ್ರಿಯ ವಿಶ್ರಾಂತಿ ಬೇಕೇ ಬೇಕು. ಅಂಥಲ್ಲಿ ಮಕ್ಕಳನ್ನು ಆಟಕ್ಕೆ ಬಿಡುವದು ವಯಸ್ಸು ನೋಡಿ ಅಲ್ಲ, ಎತ್ತರ ಅಳೆದು. ಮಡಿಲ ಮೇಲೆ ಬರುವ ಕಬ್ಬಿಣದ ತಡೆಯು ಒಂದು ಅಳತೆಯ ದೇಹಕ್ಕಾಗಿ ಮಾಡಿದ್ದು. ಗಿಡ್ಡ ಮಗುವು ಅದರಡಿಯಿಂದ ಜಾರಬಹುದು. ಕಾವಲಿನವನಲ್ಲಿ ಜಗಳವಾಡಿ ಮಗುವನ್ನು ಒಳಗೆ ತಳ್ಳುವ ತಂದೆಯಂದಿರಿಗೆ ಇದು ತಿಳಿದಿರಲಿ. ಹೃದಯರೋಗ, ಅಧಿಕ ರಕ್ತದೊತ್ತಡ, ಕತ್ತು ಬೆನ್ನುಗಳ ನೋವು ಉಳ್ಳವರೂ ಗರ್ಭಿಣಿಯರೂ ವೇಗದ ಆಟಗಳಿಗೆ ಹೋಗಕೂಡದು. ಉಳಿದ ಹಿರಿಯರನ್ನು ಕೇಳಿ ನೋಡಿರಿ. ಮೆಲ್ಲನೆ ತಿರುಗುವ ಜೈಂಟ್ ವೀಲಿನಲ್ಲಿ ಕೂರಬೇಕೆಂಬ ಆಶೆಯು ಎಷ್ಟೋ ಅಜ್ಜಿಯಂದಿರಿಗೆ ಉಂಟು. ಕೇಳುವವರಿಲ್ಲದೆ ಅದು ಹಾಗೆಯೇ ಉಳಿದಿದೆ.

ಗುಂಪು ಚದರಿದರೆ ಸೇರುವ ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು, ಮೊಬೈಲನ್ನು ನಂಬಿ ಕೂರಬಾರದು. ಮಕ್ಕಳ ಜೇಬಿನಲ್ಲಿ ಮನೆಯವರ ನಂಬ್ರವನ್ನು ಬರೆದ ಚೀಟಿಯಿರಲಿ, ಮರೆವಿರುವ ಅಜ್ಜನ ಜೇಬಿನಲ್ಲಿಯೂ ಇರಲಿ.

ನಾಲ್ಕು ಗಂಟೆಗೆ ಹೊರಡುವದು ಸರಿಯಾದ ಹೊತ್ತು. ಕೈಕಂಬದಲ್ಲಿ ಇಳಿದು ಚಹಾ ಕುಡಿದರೂ ದೀಪ ಹಚ್ಚುವ ಮೊದಲು ನರಿಕೊಂಬು ಸೇರಬಹುದು. ಮರುದಿವಸ ಬೆಳಿಗ್ಗೆ ಹಿರಿಯರ ಪಾದಗಳನ್ನು ಒಮ್ಮೆ ನೋಡಿರಿ. ನಡೆದ ಆಯಾಸದ ಬಾವು ಕಾಲನ್ನು ಎತ್ತರದಲ್ಲಿಟ್ಟು ಮಲಗಿದರೆ ಇಳಿಯುತ್ತದೆ. ಇಳಿಯದಿದ್ದರೆ, ಅಥವಾ ಒಂದೇ ಕಾಲು ಬಾತಿದ್ದರೆ, ವೈದ್ಯರಿಗೆ ತೋರಿಸಬೇಕು. ಏದುಸಿರೂ ಕೂಡಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.