ಕಲ್ಲಿನ ಪುಟ, ಮೊಳೆಯ ಪುಟ, ಪದರದ ಪುಟ

1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಬಂದ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಕಲ್ಲಿನಿಂದ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಸಂಪಾದಕ. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಕನ್ನಡದ ಮೊದಲ ಪತ್ರಿಕೆಯೆಂದು ಆ ದಿನವನ್ನು ಈಗಲೂ ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಭಾಷಣಗಳಲ್ಲಿ ಮೋಗ್ಲಿಂಗರ ಹೆಸರು ತಪ್ಪದೆ ಬರುತ್ತದೆ, ಆ ಕಲ್ಲಿನ ಮಾತು ಬರುವುದು ಕಡಿಮೆ. ಆದರೆ ಇವತ್ತು ಸಿದ್ಧ ಟೆಂಪ್ಲೇಟ್ ಒಂದನ್ನು ಇಳಿಸಿಕೊಂಡು ತಮ್ಮ ಜಾಲತಾಣಕ್ಕೆ ಒಪ್ಪುವಂತೆ ತಿದ್ದಲು ಹೊರಟವರಿಗೆ ಆ ಕಲ್ಲಿನಿಂದಲೇ ಶುರು ಮಾಡುವುದು ಒಳ್ಳೆಯದು. ಟೆಂಪ್ಲೇಟ್ ಎಂಬ ಯಂತ್ರ ಯಾವ ತಾಪತ್ರಯಕ್ಕೆ ಪರಿಹಾರ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ.

ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬುದೇ ಕಲ್ಲಚ್ಚಿನ ತತ್ತ್ವ. ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ 1796ರ ಸುಮಾರಿಗೆ ಕಂಡುಕೊಂಡ ಉಪಾಯ ಇದು. ನಯವಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯುತ್ತಾರೆ. ಆಮೇಲೆ ಗೋಂದು ಮತ್ತು ತುಸು ಆಮ್ಲ ಬೆರೆಸಿದ ದ್ರವ ಸವರಿ, ಕಲ್ಲನ್ನು ಒದ್ದೆ ಮಾಡಿದರೆ ಬರೆಯದ ಜಾಗ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲೆ ಮಸಿಯ ರೋಲರ್ ಉರುಳಿಸಿದಾಗ ಮಸಿ ಅಕ್ಷರಗಳಿಗಷ್ಟೇ ಅಂಟುತ್ತದೆ. ಕನ್ನಡದಂಥ ಲಿಪಿಗೆ ಇದು ವರವೇ ಆಗಿತ್ತು. ಕಾಗುಣಿತಕ್ಕೆ, ಒತ್ತಕ್ಷರಕ್ಕೆ ಅಂತ ನೂರಾರು ಅಚ್ಚುಮೊಳೆ ಎರಕ ಹೊಯ್ಯುವ ಖರ್ಚಿಲ್ಲ. ಕೈಬರಹ ದುಂಡಗಿರುವ ಒಬ್ಬ ಲಿಪಿಕಾರ ಸಿಕ್ಕಿದರೆ ಸಾಕು.

ತೊಂದರೆ ಇರುವುದು ಮುಂದಿನ ಸಂಚಿಕೆಯಲ್ಲಿ. ಕಲ್ಲಿನ ಮೇಲೆ ಪತ್ರಿಕೆಯ ಹೆಸರು, ಅಂಚಿನ ಗೆರೆ, ಊರ ಸುದ್ದಿ, ಸರ್ಕಾರದ ನಿರೂಪ ಎಲ್ಲವೂ ಒಂದೇ ಜಿಡ್ಡಿನ ಪದರ. ಬದಲಾಗದ ಶೀರ್ಷಿಕೆಯನ್ನು ಹಾಗೇ ಇಟ್ಟುಕೊಂಡು ಬದಲಾಗುವ ಸುದ್ದಿಯನ್ನು ಮಾತ್ರ ಎತ್ತಿ ಬೇರೆಯದನ್ನು ಕೂರಿಸುವ ಸೌಕರ್ಯ ಅದರಲ್ಲಿಲ್ಲ. ಕೆಲಸ ಮುಗಿದ ಕಲ್ಲನ್ನು ಮರಳು ಹಾಕಿ ಉಜ್ಜಿ ಮತ್ತೆ ಬರಿದು ಮಾಡಬೇಕು. ಪ್ರತಿ ಪುಟವೂ ಓನಾಮದಿಂದ.

1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು, ಅಲ್ಲಿ ಅಚ್ಚುಮೊಳೆಗಳಿದ್ದವು. ಮುಂದೆ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿಗೂ ಮೊಳೆ ಬಂತು. 1894ರಲ್ಲಿ ಕಿಟ್ಟೆಲ್ಲರ ನಿಘಂಟು ಮಂಗಳೂರಿನಿಂದ ಹೊರಬರುವ ಹೊತ್ತಿಗೆ ಈ ಊರಿನ ಮೊಳೆಯ ಕೆಲಸ ಎಷ್ಟು ಪಳಗಿತ್ತು ಎನ್ನುವುದಕ್ಕೆ ಆ ನಿಘಂಟಿನ ಯಾವ ಪುಟ ತೆರೆದರೂ ಸಾಕ್ಷಿ ಸಿಗುತ್ತದೆ: ಕನ್ನಡ, ರೋಮನ್ ಅಕ್ಷರಗಳು ಒಂದೇ ಸಾಲಿನಲ್ಲಿ ಹೊಂದಿಕೊಂಡು ನಿಂತಿವೆ.

ಮೊಳೆಯ ನಿಜವಾದ ಲಾಭ ಅಕ್ಷರದ ಅಂದದಲ್ಲಿಲ್ಲ. ಸೀಸ, ಆಂಟಿಮನಿ, ತವರ ಬೆರೆಸಿ ಎರಕ ಹೊಯ್ದ ಆ ತುಂಡುಗಳನ್ನು ಬಿಡಿಬಿಡಿಯಾಗಿ ಕೀಳಬಹುದು, ಮತ್ತೆ ಕೂರಿಸಬಹುದು. ಕಂಪೋಸಿಟರ್ ಜೋಡಿಸಿದ ಪುಟವನ್ನು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದರೆ ಅದೊಂದು ಫರ್ಮಾ. ಟ್ರೆಡಲ್ ಮೆಶಿನ್ನಿನ ಕಾಲದಲ್ಲಿ ಮದುವೆ ಕಾಗದ ಅಚ್ಚು ಹಾಕುತ್ತಿದ್ದವರು ಇಂಥ ಫರ್ಮಾಗಳನ್ನು ಪೂರ್ತಿ ಬಿಚ್ಚುತ್ತಿರಲಿಲ್ಲ. ಮೇಲಿನ ಗಣಪತಿಯ ಬ್ಲಾಕು, ಸುತ್ತಲಿನ ಬಾರ್ಡರು, ‘ಸಕುಟುಂಬ ಪರಿವಾರ ಸಮೇತರಾಗಿ’ ಎಂಬ ಸಾಲು ಇದ್ದಲ್ಲೇ ಇರುತ್ತಿದ್ದವು. ವಧೂವರರ ಹೆಸರು, ಮುಹೂರ್ತ, ಹಾಲ್ ಇವಿಷ್ಟೇ ಬದಲು. ಯಕ್ಷಗಾನದ ಕರಪತ್ರವೂ ಹಾಗೆಯೇ: ಮೇಳದ ಹೆಸರು ನಿಂತಿರುತ್ತದೆ, ಪ್ರಸಂಗ, ಸೇವಾಕರ್ತರು ಮತ್ತು ಜಾಗ ರಾತ್ರಿಗೊಂದು. ಟೆಂಪ್ಲೇಟ್ ಅಂದರೆ ಇದೇ. ನಿಲ್ಲುವುದನ್ನೂ ಬದಲಾಗುವುದನ್ನೂ ಬೇರ್ಪಡಿಸಿ, ಎರಡರ ನಡುವಿನ ಗಡಿಯನ್ನು ಯಂತ್ರದೊಳಗೇ ಕಟ್ಟಿಟ್ಟ ವ್ಯವಸ್ಥೆ.

ಇದ್ದದ್ದನ್ನು ಹಾಗೇ ಇಟ್ಟುಕೊಂಡು ಬೇಕಾದಷ್ಟನ್ನೇ ಬದಲಾಯಿಸಿದ್ದಕ್ಕೆ ಈ ಕರಾವಳಿಯಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆಗಳೂ ಇವೆ. ತುಳುವಿಗೆ ತನ್ನದೇ ಹಳೆಯ ಲಿಪಿ ಇದ್ದರೂ ಮಿಶನ್ನಿನವರು ತುಳು ಪುಸ್ತಕಗಳನ್ನು ಕನ್ನಡ ಅಕ್ಷರಗಳಲ್ಲೇ ಅಚ್ಚು ಹಾಕಿದರು. ತುಳುವಿನ ಪದಾಂತ್ಯದಲ್ಲಿ ಬರುವ, ಕನ್ನಡಕ್ಕಿಲ್ಲದ ಆ ಕಿರುಸ್ವರಕ್ಕೆ ಇಂದಿನ ಬರಹದಲ್ಲಿ ಒಂದು ಅರ್ಧಾಕ್ಷರದ ಚಿಹ್ನೆ ಸಾಕಾಗಿದೆ. ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಕಂಪ್ಯೂಟರಿಗೆ ಕನ್ನಡ ಕೀಲಿಮಣೆ ವಿನ್ಯಾಸ ಮಾಡಿದಾಗಲೂ ಹೊಸ ಕೀಲಿಮಣೆ ತಯಾರಿಸಲಿಲ್ಲ. ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಕೀಲಿಗಳ ಮೇಲೇ, ಉಚ್ಚಾರಣೆಗೆ ಹೊಂದುವಂತೆ, ಕನ್ನಡವನ್ನು ಕೂರಿಸಿದರು. ಇವತ್ತು ನುಡಿ ತಂತ್ರಾಂಶದಲ್ಲಿ ಟೈಪು ಮಾಡುವವರ ಬೆರಳಿನಲ್ಲಿರುವುದು ಅದೇ ಉಪಾಯ.

ಇನ್ನು ಪರದೆಯ ಪುಟಕ್ಕೆ ಬರೋಣ. ಜಾಲಪುಟದ ಒಳಗೆ ಎರಡು ಬೇರೆ ಬರಹಗಳಿರುತ್ತವೆ. ಎಚ್‌ಟಿಎಂಎಲ್ ಎಂಬುದು ಯಾವುದು ಶೀರ್ಷಿಕೆ, ಯಾವುದು ಪ್ಯಾರಾ, ಯಾವುದು ಚಿತ್ರ ಎಂದು ಹೇಳುತ್ತದೆ. ಅವು ಹೇಗೆ ಕಾಣಬೇಕು ಎಂದು ಹೇಳುವುದು ಸಿಎಸ್‌ಎಸ್. ಹೋಕನ್ ವಿಯೂಮ್ ಲೀ 1994ರ ಅಕ್ಟೋಬರಿನಲ್ಲಿ ಇದರ ಪ್ರಸ್ತಾಪ ಮುಂದಿಟ್ಟರು. 1996ರ ಡಿಸೆಂಬರಿನಲ್ಲಿ ಅದರ ಮೊದಲ ಆವೃತ್ತಿ ಅಧಿಕೃತ ಶಿಫಾರಸಾಯಿತು. ಈ ಬೇರ್ಪಡಿಕೆಯ ಶಕ್ತಿಯನ್ನು ತೋರಿಸಲು 2003ರಲ್ಲಿ ಡೇವ್ ಶೇ ಎಂಬ ವಿನ್ಯಾಸಕಾರ ‘ಸಿಎಸ್‌ಎಸ್ ಝೆನ್ ಗಾರ್ಡನ್’ ಶುರು ಮಾಡಿದರು. ಎಲ್ಲರಿಗೂ ಒಂದೇ ಎಚ್‌ಟಿಎಂಎಲ್, ಅದರ ಒಂದಕ್ಷರವನ್ನೂ ಮುಟ್ಟುವ ಹಾಗಿಲ್ಲ, ಸಿಎಸ್‌ಎಸ್ ಮಾತ್ರ ನಿಮ್ಮದು. ಬಂದ ವಿನ್ಯಾಸಗಳನ್ನು ನೋಡಿದರೆ ಅವೆಲ್ಲ ಒಂದೇ ಪುಟ ಎಂದು ನಂಬುವುದು ಕಷ್ಟ.

ಸಿಎಸ್‌ಎಸ್‌ನ ಜೀವ ಇರುವುದು ಅದರ ಪದರಗಳಲ್ಲಿ. ಒಂದೇ ಶೀರ್ಷಿಕೆಗೆ ಹತ್ತು ಕಡೆಯಿಂದ ಹತ್ತು ನಿಯಮ ಬರಬಹುದು: ಬ್ರೌಸರಿನದ್ದೊಂದು, ಟೆಂಪ್ಲೇಟಿನದ್ದೊಂದು, ನಿಮ್ಮದೊಂದು. ಜಗಳ ಬಂದಾಗ ಯಾರ ಮಾತು ನಡೆಯಬೇಕು ಎಂಬುದಕ್ಕೆ ಕಟ್ಟುನಿಟ್ಟಿನ ಕಾನೂನಿದೆ. ಸಾಮಾನ್ಯವಾಗಿ ಬ್ರೌಸರಿನ ಮಾತಿಗಿಂತ ಪುಟ ಮಾಡಿದವರ ಮಾತು ಮೇಲು. ಪುಟದವರದೇ ಎರಡು ನಿಯಮಗಳು ಎದುರಾದರೆ, ಹೆಚ್ಚು ನಿಖರವಾಗಿ ಬೊಟ್ಟು ಮಾಡಿದ ನಿಯಮ ಗೆಲ್ಲುತ್ತದೆ. ಈ ನಿಖರತೆಯನ್ನು ಅಳೆಯಲು ಮೂರು ಮನೆಗಳ ಲೆಕ್ಕ: ಪುಟದ ಒಂದೇ ಭಾಗದ ಹೆಸರಾದ ಐಡಿಗೆ ಒಂದು ಮನೆ, ಹಲವು ಭಾಗಗಳ ಗುಂಪಿನ ಹೆಸರಾದ ಕ್ಲಾಸಿಗೆ ಒಂದು, ಪ್ಯಾರಾ, ಚಿತ್ರ ಎಂಬಂಥ ಬರೀ ಟ್ಯಾಗಿಗೆ ಒಂದು. ಬಿಡಿ ತುಂಬಿ ಹತ್ತಕ್ಕೆ ದಾಟುವ ಪದ್ಧತಿ ಇಲ್ಲಿ ಇಲ್ಲ. ನೂರು ಟ್ಯಾಗು ಸೇರಿದರೂ ಒಂದು ಕ್ಲಾಸನ್ನು ಸೋಲಿಸಲಾರವು. ನಿಖರತೆಯೂ ಸಮವಾದರೆ, ಕೊನೆಗೆ ಬಂದವನ ಮಾತು ನಡೆಯುತ್ತದೆ.

ಟೆಂಪ್ಲೇಟ್ ತಿದ್ದುವ ಕಲೆಯೆಲ್ಲ ಈ ಕೊನೆಯ ವಾಕ್ಯದಲ್ಲಿದೆ. ಮೂಲವನ್ನು ಕೆತ್ತಬೇಕಿಲ್ಲ, ಅದರ ನಂತರ ನಿಮ್ಮ ಹತ್ತು ಸಾಲು ಬಂದರಾಯಿತು. ಒಳ್ಳೆಯ ಟೆಂಪ್ಲೇಟುಗಳು ಇನ್ನೂ ಒಂದು ಉಪಕಾರ ಮಾಡಿರುತ್ತವೆ. ಬಣ್ಣ, ಅಕ್ಷರದ ಗಾತ್ರ, ಅಂಚಿನ ಜಾಗ ಇವನ್ನೆಲ್ಲ ಹೆಸರಿಟ್ಟ ಚರಗಳಾಗಿ ಮೇಲೊಂದು ಕಡೆ ಬರೆದಿರುತ್ತವೆ. ಅಲ್ಲಿ ಒಂದು ಬೆಲೆ ಬದಲಾಯಿಸಿದರೆ ನೂರು ಕಡೆ ಬದಲಾಗುತ್ತದೆ. ಟೆಂಪ್ಲೇಟ್ ಆರಿಸುವಾಗ ಮುಖಪುಟದ ಚೆಂದದ ಫೋಟೋ ನೋಡಿ ಮರುಳಾಗುವ ಬದಲು ಈ ಚರಗಳ ಪಟ್ಟಿ ಇದೆಯೇ ಎಂದು ನೋಡುವವರು ಜಾಣರು. ಫೋಟೋ ಹೇಗೂ ನಿಮ್ಮದಲ್ಲ.

ಮೂಲದ ಕಡತವನ್ನೇ ತಿದ್ದಿದರೆ ಏನಾಗುತ್ತದೆ? ಮೊದಲಿಗೆ ಏನೂ ಆಗುವುದಿಲ್ಲ, ಅದೇ ಅಪಾಯ. ಟೆಂಪ್ಲೇಟ್ ಮಾಡಿದವರು ಸುರಕ್ಷತೆಯ ತೂತೊಂದನ್ನು ಮುಚ್ಚಿ ಹೊಸ ಆವೃತ್ತಿ ಕಳುಹಿಸಿದ ದಿನ ನಿಮ್ಮ ತಿದ್ದುಪಡಿಗಳೆಲ್ಲ ಅಳಿಸಿ ಹೋಗುತ್ತವೆ. ಹಾಗಂತ ಹೊಸ ಆವೃತ್ತಿ ಹಾಕದೆ ಕೂತರೆ ತೂತು ಉಳಿಯುತ್ತದೆ. ಇದಕ್ಕಾಗಿಯೇ ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ‘ಚೈಲ್ಡ್ ಥೀಮ್’ ಇದೆ; ಥೀಮ್ ಎಂದರೆ ಅಲ್ಲಿ ಟೆಂಪ್ಲೇಟ್. ಒಂದು ಪ್ರತ್ಯೇಕ ಫೋಲ್ಡರ್ ಮಾಡಿ, ಅದರ ಶೈಲಿಯ ಕಡತದ ತಲೆಯಲ್ಲಿ ಮೂಲ ಥೀಮಿನ ಫೋಲ್ಡರಿನ ಹೆಸರು ಬರೆಯಬೇಕು. ಪುಟ ತಯಾರಿಸುವಾಗ ವರ್ಡ್‌ಪ್ರೆಸ್ ಬೇಕಾದ ಕಡತವನ್ನು ಮೊದಲು ಮಗುವಿನಲ್ಲಿ ಹುಡುಕುತ್ತದೆ, ಅಲ್ಲಿ ಇಲ್ಲದಿದ್ದರೆ ತಾಯಿಯಲ್ಲಿ. ಲೇಖನದ ಕೆಳಗಿನ ಪಟ್ಟಿಯೊಂದು ಇಷ್ಟವಾಗಲಿಲ್ಲವೇ, ಆ ಒಂದೇ ಕಡತವನ್ನು ನಕಲು ಮಾಡಿ ತಿದ್ದಿದರೆ ಸಾಕು, ಉಳಿದದ್ದೆಲ್ಲ ತಾಯಿಯದೇ. ಫಂಕ್ಷನ್ಸ್ ಎಂಬ ಕಡತ ಮಾತ್ರ ಇದಕ್ಕೆ ಹೊರತು: ಅಲ್ಲಿ ಮಗುವಿನದು ಮೊದಲು, ತಾಯಿಯದು ಆಮೇಲೆ, ಎರಡೂ ಓಡುತ್ತವೆ. ತಾಯಿಯ ಕಡತವನ್ನು ಇಡಿಯಾಗಿ ಮಗುವಿಗೆ ನಕಲು ಮಾಡಿದರೆ ಒಂದೇ ಹೆಸರಿನ ಫಂಕ್ಷನ್ ಎರಡೆರಡು ಸಲ ಬಂದು ತಾಣವೇ ನಿಂತುಹೋಗಬಹುದು.

ಇಲ್ಲಿಯವರೆಗಿನದು ಯಾವ ಭಾಷೆಯವರಿಗಾದರೂ ಅನ್ವಯ. ಕನ್ನಡದವರ ಕೆಲಸ ಶುರುವಾಗುವುದು ಇನ್ನು ಮುಂದೆ.

ಮಾರುಕಟ್ಟೆಯ ಟೆಂಪ್ಲೇಟುಗಳಲ್ಲಿ ಹೆಚ್ಚಿನವು ರೋಮನ್ ಅಕ್ಷರವನ್ನು ಕಣ್ಣೆದುರು ಇಟ್ಟುಕೊಂಡು ಅಳತೆ ಮಾಡಿದವು. ಆ ಲಿಪಿಯಲ್ಲಿ ಸಾಲಿನ ಕೆಳಗೆ ಇಳಿಯುವುದು ನಾಲ್ಕೈದು ಸಣ್ಣಕ್ಷರಗಳ ಬಾಲ ಮಾತ್ರ. ಹಾಗಾಗಿ ಶೀರ್ಷಿಕೆಯ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.1 ಅಥವಾ 1.2 ಪಟ್ಟು ಇಟ್ಟರೆ ಬಿಗಿಯಾಗಿ, ಅಂದವಾಗಿ ಕಾಣುತ್ತದೆ. ಅದೇ ಜಾಗದಲ್ಲಿ ‘ರಾಷ್ಟ್ರ’ ಎಂದು ಬರೆದು ನೋಡಿ. ಷಕಾರದ ಬುಡದಲ್ಲಿ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ಕೆಳಗಿನ ಸಾಲಿನಲ್ಲಿ ‘ಕೀರ್ತಿ’ ಇದ್ದರೆ ಅದರ ಗುಡಿಸಿಗೂ ಮೇಲಿನ ಒತ್ತಿಗೂ ಡಿಕ್ಕಿ. ಪೆಟ್ಟಿಗೆಯ ಹೊರಗೆ ಹೋದದ್ದನ್ನು ಮರೆಮಾಡು ಎಂಬ ನಿಯಮವೂ ಟೆಂಪ್ಲೇಟಿನಲ್ಲಿದ್ದರೆ ಒತ್ತಿನ ಬುಡವೇ ಕತ್ತರಿಸಿ ಹೋಗುತ್ತದೆ. ಶೀರ್ಷಿಕೆಗೆ 1.5, ಒಳಪುಟದ ಬರಹಕ್ಕೆ 1.7ರ ಆಸುಪಾಸು ಇಟ್ಟರೆ ಕನ್ನಡ ಉಸಿರಾಡುತ್ತದೆ. ನಾನು ಮೊದಲು ಬರೆಯುವ ನಿಯಮ ಯಾವಾಗಲೂ ಇದೇ.

ಎರಡನೆಯದು, ಇಂಗ್ಲಿಷ್ ಮೆನುಗಳ ಶೋಕಿ: ಎಲ್ಲ ದೊಡ್ಡಕ್ಷರ, ನಡುವೆ ಅಗಲ ಜಾಗ. ದೊಡ್ಡಕ್ಷರದ ನಿಯಮ ಕನ್ನಡಕ್ಕೆ ತಾಗುವುದಿಲ್ಲ, ಅಗಲ ಜಾಗದ ನಿಯಮ ತಾಗುತ್ತದೆ. ‘ಸಂಪರ್ಕಿಸಿ’ ಎಂಬ ಪದ ಹಲ್ಲು ಬಿದ್ದಂತೆ ಕಾಣುತ್ತದೆ. ಆ ಬೆಲೆಯನ್ನು ಸೊನ್ನೆ ಮಾಡಿ. ಪ್ಯಾರಾದ ಮೊದಲ ಅಕ್ಷರವನ್ನು ಹಿಗ್ಗಿಸುವ ಅಲಂಕಾರವನ್ನೂ ತೆಗೆದುಬಿಡಿ: ‘ಸ್ತ್ರೀ’ ಎಂದು ಶುರುವಾದರೆ ಎಲ್ಲಿಯವರೆಗೆ ಒಂದಕ್ಷರ ಎಂಬುದರಲ್ಲಿ ಬ್ರೌಸರುಗಳು ಎಡವುತ್ತವೆ. ಓರೆಯಕ್ಷರದ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಕನ್ನಡ ಫಾಂಟಿನಲ್ಲಿ ಓರೆಯ ರೂಪ ಇಲ್ಲದಿದ್ದರೆ ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಒಂದು ಬದಿಗೆ ವಾಲಿಸುತ್ತದೆ. ದುಂಡು ಲಿಪಿಗೆ ಅದಕ್ಕಿಂತ ಕೆಟ್ಟ ಶಿಕ್ಷೆ ಇಲ್ಲ. ಒತ್ತಿ ಹೇಳಬೇಕಾದಲ್ಲಿ ದಪ್ಪ ಅಕ್ಷರ ಸಾಕು.

ಫಾಂಟ್ ಕೂರಿಸುವುದು ಸುಲಭ, ಏಕೆಂದರೆ ಬ್ರೌಸರ್ ಫಾಂಟುಗಳನ್ನು ಅಕ್ಷರ ಅಕ್ಷರವಾಗಿ ಹುಡುಕುತ್ತದೆ. ಪಟ್ಟಿಯ ಮೊದಲ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಎರಡನೆಯದಕ್ಕೆ ಹೋಗುತ್ತದೆ. ಟೆಂಪ್ಲೇಟಿನ ಇಂಗ್ಲಿಷ್ ಫಾಂಟನ್ನು ಹಾಗೇ ಬಿಟ್ಟು, ಅದರ ಹಿಂದೆ ನೋಟೊ ಸ್ಯಾನ್ಸ್ ಕನ್ನಡವನ್ನೋ ಶೀರ್ಷಿಕೆಗಾದರೆ ಬಲೂ ತಮ್ಮವನ್ನೋ ಸೇರಿಸಿ, ಎರಡೂ ಉಚಿತ. ಹಾಗೆ ಮಾಡದಿದ್ದರೆ ಓದುಗರ ಫೋನಿನಲ್ಲಿ ಯಾವ ಕನ್ನಡ ಫಾಂಟಿದೆಯೋ ಅದೇ ಗತಿ.

ಮಂಗಳೂರಿಗೇ ವಿಶೇಷವಾದ ಒಂದು ಬಲೆ ಇದೆ. ಈ ಕನ್ನಡ ನಿಯಮಗಳನ್ನು ಇಂಗ್ಲಿಷ್ ಭಾಗಕ್ಕೆ ತಾಗದಂತೆ ಮಾಡಲು ಭಾಷೆಯ ಗುರುತು ಬಳಸುತ್ತಾರೆ: ಪುಟದಲ್ಲಿ ‘ಕೆಎನ್’ ಎಂದು ಗುರುತು ಇದ್ದಲ್ಲಿ ಮಾತ್ರ ಈ ಎತ್ತರ, ಈ ಫಾಂಟು. ಕನ್ನಡ ತಾಣಕ್ಕೆ ಇದು ಸರಿಯಾದ ದಾರಿ. ಆದರೆ ಇಲ್ಲಿನ ತಾಣಗಳಲ್ಲಿ ತುಳು ಬರುತ್ತದೆ, ಕೊಂಕಣಿ ಬರುತ್ತದೆ, ಎಷ್ಟೋ ಸಲ ಮೂರೂ ಕನ್ನಡ ಲಿಪಿಯಲ್ಲೇ. 2016ರಲ್ಲಿ ಹೊರಬಂದ ತುಳು ವಿಕಿಪೀಡಿಯದ ವಿಳಾಸದಲ್ಲಿರುವಂತೆ ತುಳುವಿನ ಗುರುತು ‘ಟಿಸಿವೈ’. ಶ್ರದ್ಧೆಯಿಂದ ಸರಿಯಾದ ಗುರುತು ಹಾಕಿದ ತುಳು ಪುಟಕ್ಕೇ ಕನ್ನಡದ ನಿಯಮ ತಾಗದೆ ಒತ್ತುಗಳು ಕತ್ತರಿಸಿ ಹೋಗುತ್ತವೆ! ನಿಯಮದಲ್ಲಿ ಎರಡೂ ಗುರುತು ಬರೆಯಬೇಕು, ಕೊಂಕಣಿ ಇದ್ದರೆ ಅದರದ್ದೂ ಸೇರಿಸಬೇಕು.

ಎಷ್ಟು ತಿದ್ದಿದರೆ ಹೆಚ್ಚಾಯಿತು? ನಿಮ್ಮ ನಿಯಮ ನಡೆಯಲೇಬೇಕೆಂದು ಸಾಲುಸಾಲಿಗೂ ‘ಇಂಪಾರ್ಟೆಂಟ್’ ಎಂಬ ಮುದ್ರೆ ಒತ್ತತೊಡಗಿದ್ದರೆ ಟೆಂಪ್ಲೇಟ್ ಆರಿಸಿದ್ದೇ ತಪ್ಪು. ಬೇರೆಯದನ್ನು ನೋಡಿ, ಇನ್ನೂ ಸಪ್ಪೆಯಾದದ್ದನ್ನು. ಅಲಂಕಾರ ಕಡಿಮೆ ಇದ್ದಷ್ಟೂ ಕಳಚುವ ಕೆಲಸ ಕಡಿಮೆ. ಕೈ ಹಾಕುವ ಮೊದಲು ಇದ್ದದ್ದರ ಒಂದು ಪ್ರತಿ ಇಳಿಸಿಟ್ಟುಕೊಳ್ಳಿ. ತಿದ್ದಿ ಮುಗಿದ ಮೇಲೆ ‘ಮತ್ಸ್ಯಗಂಧ’, ‘ಧರ್ಮಸ್ಥಳ’, ‘ಸುಬ್ರಹ್ಮಣ್ಯ’ ಈ ಮೂರೂ ಬರುವಂಥ ಉದ್ದದ ಶೀರ್ಷಿಕೆಯೊಂದನ್ನು ಬರೆದು, ಎರಡು ಸಾಲಿಗೆ ಮುರಿಯುವಷ್ಟು ಕಿರಿದಾದ ಅಗ್ಗದ ಫೋನಿನಲ್ಲಿ ತೆರೆದು ನೋಡಿ. ಲ್ಯಾಪ್‌ಟಾಪಿನಲ್ಲಿ ಸರಿ ಕಂಡದ್ದನ್ನು ನಂಬಬೇಡಿ, ಓದುಗರಲ್ಲಿ ಹೆಚ್ಚಿನವರು ಅಲ್ಲಿಲ್ಲ.