ರೈನ್ ನದಿಯ ತೀರದಲ್ಲಿ ಬಾಖರಾಖ್

ಜರ್ಮನಿ ದೇಶದ ಬಿಂಗೆನ್ ಪಟ್ಟಣದಿಂದ ಕೋಬ್ಲೆಂಜ್ ನಗರದವರೆಗೆ, ಸುಮಾರು 65 ಕಿಲೊಮೀಟರುಗಳ ದೂರ, ರೈನ್ ನದಿಯು ಬೆಟ್ಟಗಳನ್ನು ಸೀಳಿಕೊಂಡು ಹರಿಯುವುದು. ಇಕ್ಕೆಲಗಳಲ್ಲಿಯೂ ಕಡಿದಾದ ಇಳಿಜಾರು. ಹಿಂದೆ ನಮ್ಮ ಮಕ್ಕಳು ಅಕ್ಷರ ತಿದ್ದುತ್ತಿದ್ದ ಸ್ಲೇಟುಹಲಗೆಯ ಜಾತಿಯ ಕಲ್ಲೇ ಇಲ್ಲಿಯ ನೆಲವೆಲ್ಲ. ಆ ಕಲ್ಲಿನ ಮೇಲೆ ದ್ರಾಕ್ಷಿಯ ತೋಟ. ತೋಟದ ಮೇಲುಗಡೆ, ತಿರುವಿಗೊಂದರಂತೆ, ಹಳೆಯ ಕೋಟೆ. ಈ ಕಣಿವೆಯನ್ನು 2002ರಲ್ಲಿ ಯುನೆಸ್ಕೊ ಸಂಸ್ಥೆಯವರು ಜಗತ್ತಿನ ಪರಂಪರೆಯ ಸ್ಥಳಗಳಲ್ಲಿ ಸೇರಿಸಿದರು. ಮೈಂಜ್ ನಗರವನ್ನು ಬಿಟ್ಟ ಮೇಲೆ ಕೋಬ್ಲೆಂಜ್ ಬರುವವರೆಗೂ ನದಿಗೆ ಒಂದು ಸೇತುವೆಯೂ ಇಲ್ಲವೆಂಬುದು ನಮಗೆ ಬಹಳ ವಿಚಿತ್ರವಾಗಿ ತೋರಿತು. ಯಂತ್ರಗಳ ನಾಡೆಂದು ಹೆಸರಾದ ಈ ದೇಶದಲ್ಲಿ, ಎದುರು ದಡದ ನೆಂಟರ ಮನೆಗೆ ಹೋಗಬೇಕಾದವರು ಈಗಲೂ ಕಡವಿನ ದೋಣಿಯನ್ನೇ ಕಾಯಬೇಕು.

ಈ ದಾರಿಯಲ್ಲಿ ಯಾತ್ರಿಕರ ಹಡಗುಗಳು ನಿಲ್ಲುವ ಊರುಗಳಲ್ಲಿ ಬಾಖರಾಖ್ ಒಂದು. ಜನಸಂಖ್ಯೆ ಸುಮಾರು ಎರಡು ಸಾವಿರ. ಹಡಗಿನಿಂದ ಇಳಿದವರಿಗೆ ಸಾಮಾನ್ಯವಾಗಿ ಎರಡು ಮೂರು ಗಂಟೆಗಳ ಬಿಡುವು ದೊರೆಯುವುದು. ಊರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಕಾಲು ಗಂಟೆ ಸಾಕು. ಆದರೆ ನೋಡುವುದಕ್ಕೆ ಮೂರು ಗಂಟೆಗಳು ಸಾಲವು.

ಇಷ್ಟು ಚಿಕ್ಕ ಊರಿಗೆ ಅಷ್ಟು ದಪ್ಪನೆಯ ಗೋಡೆ ಏತಕ್ಕೆ ಎಂಬುದೇ ನೋಡುವವನಿಗೆ ಮೊದಲು ಹುಟ್ಟುವ ಪ್ರಶ್ನೆ. 14ನೆಯ ಶತಮಾನದಲ್ಲಿ ಕಟ್ಟಿದ ಈ ಗೋಡೆಯು ನದಿಯ ಅಂಚಿನಿಂದ ಹೊರಟು, ಬೆಟ್ಟವನ್ನು ಹತ್ತಿ, ದ್ರಾಕ್ಷಿತೋಟಗಳ ನಡುವೆ ಕೊತ್ತಲದಿಂದ ಕೊತ್ತಲಕ್ಕೆ ಹಾಯುತ್ತ ಮೇಲಿನ ಕೋಟೆಯನ್ನು ಸೇರುವುದು. ಕಾರಣವು ಊರಿನಲ್ಲಿಲ್ಲ, ನದಿಯಲ್ಲಿದೆ. ಬಾಖರಾಖಿನ ಮೇಲುಗಡೆ, ಬಿಂಗೆನ್ ಬಳಿಯಲ್ಲಿ, ಗಟ್ಟಿಯಾದ ಬಂಡೆಗಳ ಸಾಲೊಂದು ನದಿಗೆ ಅಡ್ಡಲಾಗಿ ಬಿದ್ದಿದ್ದಿತು. ದೊಡ್ಡ ದೋಣಿಗಳು ಅಲ್ಲಿ ದಾಟಲಾರವು. ಆದುದರಿಂದ ಮೇಲಣ ಸೀಮೆಗಳ ದ್ರಾಕ್ಷಾಮದ್ಯವು ಸಣ್ಣ ದೋಣಿಗಳಲ್ಲಿ ಆ ಬಂಡೆಗಳನ್ನು ನುಸುಳಿ ಬಂದು, ಬಾಖರಾಖಿನಲ್ಲಿ ಇಳಿದು, ದೊಡ್ಡ ದೋಣಿಗಳನ್ನೇರಿ ಕೊಲೋನ್ ನಗರದ ಸಂತೆಗೆ ಸಾಗುತ್ತಿದ್ದಿತು. ಎಲ್ಲಿಯೋ ಬೆಳೆದ ಮದ್ಯವು ಪೀಪಾಯಿ ಬದಲಾಯಿಸಿದ ಊರಿನ ಹೆಸರಿನಿಂದಲೇ ಮಾರಾಟವಾಯಿತು! ನ್ಯೂರೆಂಬರ್ಗ್ ನಗರದವರು ರಾಜನಾದ ವೆಂಜೆಲನಿಗೆ ನಾಲ್ಕು ಪೀಪಾಯಿ ಬಾಖರಾಖ್ ಮದ್ಯವನ್ನು ಒಪ್ಪಿಸಿ ತಮ್ಮ ಸ್ವಾತಂತ್ರ್ಯವನ್ನು ಕೊಂಡರೆಂಬ ಕಥೆಯೂ ಉಂಟು. ಕಥೆ ನಿಜವಾಗಿದ್ದರೂ ಆಗದಿದ್ದರೂ, ಆ ಹೆಸರಿಗೆ ಎಷ್ಟು ಬೆಲೆಯಿದ್ದಿತೆಂಬುದು ಅದರಿಂದ ತಿಳಿಯುವುದು. ನದಿಯ ಕಡೆಗೆ ತೆರೆದ ಬಾಗಿಲುಗಳಲ್ಲಿ ಒಂದಕ್ಕೆ ಕ್ರೇನುಬಾಗಿಲು ಎಂದೇ ಹೆಸರು. ಪೀಪಾಯಿಗಳನ್ನು ಎತ್ತಿ ಇಳಿಸುತ್ತಿದ್ದ ಯಂತ್ರವು ಅಲ್ಲಿದ್ದಿತು.

ಸರಕು ಇದ್ದಲ್ಲಿ ಸುಂಕವು ಬಾರದಿರುವುದುಂಟೆ? ಈ ಪ್ರಾಂತವನ್ನು ಆಳುತ್ತಿದ್ದ ಪಾಲಟಿನೇಟಿನ ಪ್ರಭುಗಳಿಗೆ ಬಾಖರಾಖಿನಲ್ಲಿ ಒಂದು ಸುಂಕದಕಟ್ಟೆಯಿದ್ದಿತು. ಅದು ಸಾಲದೆಂದು ಸ್ವಲ್ಪ ಕೆಳಗೆ, ಕೌಬ್ ಎಂಬ ಊರಿನ ಇದಿರಿನಲ್ಲಿ, ನಡುನೀರಿನ ಬಂಡೆಯ ಮೇಲೆ ಬವೇರಿಯದ ಲೂಡ್ವಿಗನು 1326–27ರಲ್ಲಿ ಒಂದು ಗೋಪುರವನ್ನೇ ಕಟ್ಟಿಸಿದನು. ಈಗ ಅದನ್ನು ಹಡಗಿನ ಮೇಲಿನಿಂದ ನೋಡಿದರೆ ಕಲ್ಲಿನ ಹಡಗೊಂದು ಲಂಗರು ಹಾಕಿ ನಿಂತಂತೆಯೇ ಕಾಣುವುದು. 1813ನೆಯ ವರ್ಷದ ಕಡೆಯ ರಾತ್ರಿ, ನೆಪೋಲಿಯನ್ನನನ್ನು ಬೆನ್ನಟ್ಟಿದ ಪ್ರಷ್ಯದ ಸೇನಾಪತಿ ಬ್ಲ್ಯೂಖರನು ತೇಲುಸೇತುವೆ ಹಾಕಿಸಿ ನದಿಯನ್ನು ದಾಟತೊಡಗಿದ್ದು ಇದೇ ಸ್ಥಳದಲ್ಲಿ.

ಊರೊಳಗಿನ ಮನೆಗಳು ಗೃಹಸ್ಥರಾದವರು ನಿಂತು ನೋಡತಕ್ಕವು. ಮೊದಲು ದಪ್ಪ ತೊಲೆಗಳಿಂದ ಮನೆಯ ಹಂದರವನ್ನೆಲ್ಲ ನಿಲ್ಲಿಸಿ, ತೊಲೆಗಳ ನಡುವಣ ಎಡೆಯಲ್ಲಿ ತಡಿಕೆ ಹೆಣೆದು, ಮಣ್ಣು ಮೆತ್ತಿ, ಮೇಲೆ ಬಿಳಿಯ ಗಾರೆಯನ್ನು ಬಳಿಯುವರು. ತೊಲೆಗಳು ಮಾತ್ರ ಕಪ್ಪು ಕೆಂಪು ಬಣ್ಣಗಳಲ್ಲಿ ಹೊರಗೆ ಕಾಣುತ್ತಲೇ ಇರುವುವು. ಮೇಲಣ ಅಂತಸ್ತು ಕೆಳಗಣದಕ್ಕಿಂತ ಒಂದಿಷ್ಟು ಬೀದಿಗೆ ಚಾಚಿಕೊಂಡಿರುವುದು. ನೆಲ ಕಡಮೆ, ಗೋಡೆಯೊಳಗೆ ಇಕ್ಕಟ್ಟು. ಜಾಗವನ್ನು ಆಕಾಶದಿಂದ ಪಡೆಯಬೇಕು. ‘ಹಳೆಯ ಮನೆ’ ಎಂದೇ ಹೆಸರಾದ ಒಂದು ಮನೆಯು ಮಾರುಕಟ್ಟೆಯ ಬೀದಿಯ ಮೂಲೆಯಲ್ಲಿ ನೂರಾರು ವರ್ಷಗಳಿಂದ ನಿಂತಿದೆ. ಬಾಗಿದ ತೊಲೆ, ಸೊಟ್ಟ ಕಿಟಕಿ, ಅದರ ಹೊರಗೆ ಹೂವಿನ ಕುಂಡ: ಚಿತ್ರಪಟವನ್ನು ನೋಡಿದಂತೆಯೇ. ಆದರೂ ಮೇಲಣ ಕೋಣೆಗೆ ಉಕ್ಕಿನ ಬೀರುವನ್ನು ಹೇಗೆ ಸಾಗಿಸುತ್ತಾರೆಂಬ ಯೋಚನೆ ನಮ್ಮನ್ನು ಬಹಳ ಹೊತ್ತು ಬಿಡಲಿಲ್ಲ.

ನದಿಯ ಬದಿಯ ಗೋಡೆಯ ಮೇಲೆ ನಡೆಯಲು ಹಾದಿಯುಂಟು. ಅಲ್ಲಿ ನಿಂತಾಗಲೇ ಈ ಊರಿನ ಕಷ್ಟವೂ ಗೊತ್ತಾಗುವುದು. 1859ರಲ್ಲಿ ಈ ದಡದಲ್ಲಿ ಹಾಕಿದ ರೈಲುದಾರಿಯು ಗೋಡೆಗೂ ನದಿಗೂ ನಡುವೆ ಹಾದುಹೋಗುತ್ತದೆ. ಎದುರು ದಡದಲ್ಲಿ ಇನ್ನೊಂದು ದಾರಿ. ಸರಕಿನ ಗಾಡಿಗಳು ಹಗಲಿರುಳೆನ್ನದೆ ಓಡುತ್ತವೆ. ಕಣಿವೆಯು ಇಕ್ಕಟ್ಟಾದುದರಿಂದ ಸದ್ದು ಎರಡು ಬೆಟ್ಟಗಳಿಗೂ ಬಡಿದು ಇಮ್ಮಡಿಯಾಗುವುದು. ಪ್ರವಾಸಿಗಳ ಚಿತ್ರಗಳಲ್ಲಿ ಬಾರದಿರುವುದು ಈ ಸದ್ದೊಂದೇ.

ಮಾರುಕಟ್ಟೆಯ ಬಳಿ ಸಂತ ಪೀಟರನ ಇಗರ್ಜಿ. ಅದರ ಪಕ್ಕದಿಂದ ಮೆಟ್ಟಿಲುಗಳನ್ನು ಹತ್ತಿದರೆ, ಕೋಟೆಗೆ ಹೋಗುವ ಅರ್ಧ ದಾರಿಯಲ್ಲಿ, ಕೆಂಪು ಮರಳುಗಲ್ಲಿನ ಒಂದು ಪಾಳು ಪ್ರಾರ್ಥನಾಲಯವು ಇದ್ದಕ್ಕಿದ್ದಂತೆ ಎದುರಾಗುವುದು. ಮಾಡಿಲ್ಲ, ಗಾಜಿಲ್ಲ, ಮೂರೆಲೆಯ ಆಕಾರದ ಗೋಡೆಗಳೂ, ಉದ್ದವಾದ ಕಿಟಕಿಗಳ ಸಣ್ಣ ಕಲ್ಲುಕಂಬಗಳೂ ಮಾತ್ರ ಉಳಿದಿವೆ. ಕಿಟಕಿಯ ಒಂದು ಕಡೆಯಿಂದ ನೋಡಿದರೆ ಇನ್ನೊಂದು ಕಡೆಯ ಕಿಟಕಿಯಲ್ಲಿ ನದಿಯೂ ಆಕಾಶವೂ ಕಾಣುವುವು. ಇಂಗ್ಲೆಂಡಿನ ಚಿತ್ರಕಾರ ಟರ್ನರನು 1817ರಲ್ಲಿ ಈ ನದಿಯ ಗುಂಟ ಬಂದು ಈ ಊರನ್ನು ಚಿತ್ರಿಸಿದನು. ಫ್ರೆಂಚ್ ಕವಿ ವಿಕ್ಟರ್ ಹ್ಯೂಗೊ 1842ರಲ್ಲಿ ಹೊರತಂದ ತನ್ನ ರೈನ್ ಪ್ರವಾಸದ ಪುಸ್ತಕದಲ್ಲಿ ಬಾಖರಾಖಿಗೆ ಸ್ಥಳ ಕೊಟ್ಟನು. ಈ ಕಲ್ಲಿನ ಕೆಲಸದ ಚೆಲುವನ್ನು ಕುರಿತು ಎರಡು ಮಾತಿಲ್ಲ. ಆದರೆ ಇದನ್ನು ಕಟ್ಟಿದ ಕಾರಣವನ್ನು ಹಡಗಿನ ಧ್ವನಿವರ್ಧಕವು ನಮಗೆ ಹೇಳಿರಲಿಲ್ಲ. ಆದುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

1287ರ ವಸಂತದಲ್ಲಿ ವೆರ್ನರ್ ಎಂಬ ಸುಮಾರು ಹದಿನಾರು ವರ್ಷದ ಹುಡುಗನ ಶವವು ಬಾಖರಾಖಿನ ಬಳಿಯಲ್ಲಿ ಸಿಕ್ಕಿತು. ಹತ್ತಿರದ ಓಬರ್‌ವೇಸೆಲ್ ಎಂಬ ಊರಿನಲ್ಲಿ ಕೂಲಿ ಮಾಡಿಕೊಂಡಿದ್ದ ಬಡ ಹುಡುಗ. ಕೊಂದವರಾರೋ ಯಾರೂ ಕಾಣರು. ಆದರೆ ಯೆಹೂದ್ಯರು ತಮ್ಮ ಪಸ್ಕ ಹಬ್ಬದ ಕಾಲದಲ್ಲಿ ಅವನನ್ನು ಹಿಂಸಿಸಿ ಕೊಂದರೆಂಬ ಸುದ್ದಿಯು ಊರೂರಿಗೆ ಹಬ್ಬಿತು. ಇಂಥ ಅಪವಾದವು ಆ ಕಾಲದ ಯೂರೋಪಿನಲ್ಲಿ ಇದೊಂದೇ ಸಲ ಹುಟ್ಟಿದುದಲ್ಲ. ಎಲ್ಲಿ ಹುಟ್ಟಿದರೂ ಅದು ಸುಳ್ಳು. ರೈನ್, ಮೋಸೆಲ್ ನದಿಗಳ ತೀರದ ಅನೇಕ ಊರುಗಳಲ್ಲಿ ಯೆಹೂದ್ಯರ ಕೊಲೆಗಳಾದವು, ಗಂಡಸರು ಹೆಂಗಸರು ಮಕ್ಕಳೆಂಬ ಭೇದವಿಲ್ಲದೆ. ಉಳಿದವರು ರಾಜನಾದ ರುಡಾಲ್ಫನಿಗೆ ಮೊರೆಯಿಟ್ಟರು. ರಾಜನಿಗೆ ಆರೋಪವು ಸುಳ್ಳೆಂದು ಮನವರಿಕೆಯಾಯಿತು. ಅವನು ಕೊಲೆಗಾರರ ಮೇಲೆ ದಂಡವನ್ನು ಹಾಕಿ, ಆ ಶವವನ್ನು ಜನರು ಪೂಜಿಸದಂತೆ ಸುಟ್ಟುಬಿಡಬೇಕೆಂದು ಅಪ್ಪಣೆ ಮಾಡಿದನು. ಅಪ್ಪಣೆಯು ನಡೆಯಲಿಲ್ಲ. ಶವವು ಬಾಖರಾಖಿನಲ್ಲಿಯೇ ಉಳಿಯಿತು, ಪವಾಡಗಳ ವದಂತಿ ಹುಟ್ಟಿತು, ಯಾತ್ರಿಕರು ಬಂದರು, ಕಾಣಿಕೆಯು ಕೂಡಿತು. ಒಂದೆರಡು ವರ್ಷಗಳೊಳಗೆ ಈ ಪ್ರಾರ್ಥನಾಲಯದ ಕೆಲಸವು ಮೊದಲಾಗಿ, ನಿಂತು ನಿಂತು, ಸುಮಾರು 1430ರ ಹೊತ್ತಿಗೆ ಮುಗಿಯಿತು. ಆ ಕಾಲದಲ್ಲಿ ಇಲ್ಲಿ ಪಾದ್ರಿಯಾಗಿದ್ದ ವಿನಾಂಡನು ವೆರ್ನರನನ್ನು ವಿಧಿವತ್ತಾಗಿ ಸಂತನೆಂದು ಸಾರಿಸಬೇಕೆಂದು ಬಹಳ ಪ್ರಯತ್ನಪಟ್ಟನು. ರೋಮಿನಿಂದ ಆ ಮಾತು ಬರಲಿಲ್ಲ. ಆದರೂ ಪೂಜೆಯು ನಿಲ್ಲಲಿಲ್ಲ. ಫ್ರಾನ್ಸಿನ ಕೆಲವು ಸೀಮೆಗಳಲ್ಲಿ ಅವನು ವೆರ್ನಿಯೇ ಎಂಬ ಹೆಸರಿನಿಂದ ದ್ರಾಕ್ಷಿ ಬೆಳೆಗಾರರ ರಕ್ಷಕನಾದನು. ಅಲ್ಲಿ ಅವನ ಕೈಗೆ ಬಳ್ಳಿ ಸವರುವ ಕುಡುಗೋಲನ್ನು ಕೊಟ್ಟರು.

1689ರಲ್ಲಿ ಹದಿನಾಲ್ಕನೆಯ ಲೂಯಿಯ ಫ್ರೆಂಚ್ ಸೈನ್ಯವು ಮೇಲಿನ ಸ್ಟಾಲೆಕ್ ಕೋಟೆಯನ್ನು ಮದ್ದಿಟ್ಟು ಹಾರಿಸಿದಾಗ, ಸಿಡಿದ ಕಲ್ಲುಗಳು ಈ ಪ್ರಾರ್ಥನಾಲಯದ ಮೇಲೆ ಬಿದ್ದುವು. ಹೀಗೆ ಅದು ಪಾಳಾಯಿತು. ಪಾಳಾದ ಮೇಲೆಯೇ ಅದರ ಕೀರ್ತಿ ಹೆಚ್ಚಿದುದು ಒಂದು ವಿಪರ್ಯಾಸ.

ಜರ್ಮನ್ ಕವಿ ಹೈನೆಯು, ತಾನೂ ಯೆಹೂದ್ಯ ಕುಲದಲ್ಲಿ ಹುಟ್ಟಿದವನು, ‘ಬಾಖರಾಖಿನ ರಬ್ಬಿ’ ಎಂಬ ಕಥೆಯನ್ನು ಬರೆಯತೊಡಗಿ, ಮುಗಿಸದೆಯೇ 1840ರಲ್ಲಿ ಪ್ರಕಟಿಸಿದನು. ಹಬ್ಬದ ರಾತ್ರಿ ಮನೆಮಂದಿಯೆಲ್ಲ ಊಟಕ್ಕೆ ಕುಳಿತಿರುವಾಗ ಇಬ್ಬರು ಅಪರಿಚಿತರು ಅತಿಥಿಗಳಾಗಿ ಬರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ರಬ್ಬಿಯ ಕಣ್ಣಿಗೆ ಮೇಜಿನ ಕೆಳಗೆ ಮಗುವಿನ ಹೆಣವೊಂದು ಬೀಳುತ್ತದೆ. ಅದನ್ನು ಏತಕ್ಕೆ ತಂದಿಟ್ಟಿದ್ದಾರೆಂಬುದು ಅವನಿಗೆ ಕೂಡಲೆ ಹೊಳೆದು, ಮುಖದಲ್ಲಿ ಏನನ್ನೂ ತೋರಗೊಡದೆ, ಹೆಂಡತಿಯಾದ ಸಾರಳನ್ನು ಕರೆದುಕೊಂಡು ನದಿಗೆ ಓಡಿ, ದೋಣಿಯನ್ನು ಹತ್ತುತ್ತಾನೆ. ನಾವು ವಿನೋದಕ್ಕಾಗಿ ಬಂದ ನೀರಿನ ಮೇಲೆಯೇ ಆ ಇಬ್ಬರೂ ಬೆಳುದಿಂಗಳಿನಲ್ಲಿ ತಪ್ಪಿಸಿಕೊಂಡು ಹೋಗುತ್ತಾರೆ.

ಟ್ರಿಯರ್ ಧರ್ಮಪ್ರಾಂತದವರು ವೆರ್ನರನ ಹೆಸರನ್ನು ತಮ್ಮ ಪಂಚಾಂಗದಿಂದ ತೆಗೆದುಹಾಕಿದ್ದು 1963ರಲ್ಲಿ. ಅಷ್ಟರೊಳಗೆ 1933ರಿಂದ 1945ರ ವರೆಗಿನ ನಾಜಿ ಆಳಿಕೆಯು ರೈನ್ ತೀರದ ಪುರಾತನ ಯೆಹೂದ್ಯ ಸಮಾಜಗಳನ್ನೇ ನಿರ್ಮೂಲಗೊಳಿಸಿದ್ದಿತು. ಈಗ ಪಾಳು ಗೋಡೆಯ ಬಳಿಯಲ್ಲಿ ಒಂದು ಫಲಕವಿದೆ. ಯೆಹೂದ್ಯರ ವಿಷಯದಲ್ಲಿ ಕ್ರೈಸ್ತರ ಮನಸ್ಸು ತಿರುಗಲೆಂದು ಪೋಪ್ ಇಪ್ಪತ್ತಮೂರನೆಯ ಜಾನರ ಹೆಸರಿನ ಪ್ರಾರ್ಥನೆಯೊಂದನ್ನು ಅದರಲ್ಲಿ ಕೆತ್ತಿದ್ದಾರೆ. ಗೋಡೆಯು ಕಣ್ಣಿಗೆ ದೂರದಿಂದಲೇ ಬೀಳುವುದು. ಫಲಕವನ್ನು ಹತ್ತಿರ ಹೋಗಿ ಓದಬೇಕು. ಅಲ್ಲಿಗೆ ಹತ್ತಿ ಬಂದವರಲ್ಲಿ ಹಲವರು ಗೋಡೆಯ ಮುಂದೆ ನಿಂತು ಚಿತ್ರ ತೆಗೆಯಿಸಿಕೊಂಡು ಇಳಿದರು. ಆ ಚೆಲುವನ್ನು ನೋಡಬಾರದೆಂದು ನಾವು ಹೇಳುವುದಿಲ್ಲ. ನಾವೂ ಕಣ್ತುಂಬ ನೋಡಿದೆವು. ಫಲಕವನ್ನು ಓದಿದ ಮೇಲೆ ಮತ್ತೊಮ್ಮೆ ನೋಡಿದೆವು. ಎರಡನೆಯ ಸಲ ನೋಡಿದ್ದು ಬೇರೆಯಾಗಿದ್ದಿತು.

ಮೇಲಿನ ಸ್ಟಾಲೆಕ್ ಕೋಟೆಯನ್ನು 20ನೆಯ ಶತಮಾನದಲ್ಲಿ ಮತ್ತೆ ಕಟ್ಟಿ ಯುವಕರ ಪ್ರವಾಸಿಮಂದಿರವನ್ನಾಗಿ ಮಾಡಿದ್ದಾರೆ. ಅಂಗಳದಲ್ಲಿ ಶಾಲೆಯ ಮಕ್ಕಳ ಗಲಭೆ. ಅಲ್ಲಿಂದ ನೋಡಿದರೆ ನದಿಯ ತಿರುವು ಬಹಳ ಸೊಗಸು.

ಸುತ್ತಲಿನ ದ್ರಾಕ್ಷಿತೋಟಗಳಲ್ಲಿ ಬೆಳೆಯುವುದು ಹೆಚ್ಚಾಗಿ ರೀಸ್ಲಿಂಗ್ ಎಂಬ ಬಿಳಿಯ ಜಾತಿ. ಸ್ಲೇಟುಕಲ್ಲು ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ಬಳ್ಳಿಗೆ ಕಾವು ಕೊಡುವುದು. ಇಳಿಜಾರು ಎಷ್ಟು ಕಡಿದೆಂದರೆ ಅನೇಕ ಕಡೆ ಕೈಯಿಂದಲೇ ಕೆಲಸವಾಗಬೇಕು. ಆ ಶ್ರಮಕ್ಕೆ ಮುಂದಣ ತಲೆಯವರು ಒಪ್ಪದೆ ಬಿಟ್ಟ ಎಷ್ಟೋ ಮೆಟ್ಟಿಲುತೋಟಗಳ ಮೇಲೆ ಈಗ ಪೊದೆ ಬೆಳೆದಿದೆ. ಅಂಗಡಿಗಳಲ್ಲಿ ಈ ಮದ್ಯದಿಂದ ಮಾಡಿದ ಐಸ್‌ಕ್ರೀಮನ್ನು ಸಹ ಮಾರುವರು. ಮದ್ಯವನ್ನು ಮುಟ್ಟದವರು ಕೇಳಿಕೊಂಡು ಕೊಳ್ಳುವುದು ಒಳ್ಳೆಯದು.

ಊರಿನ ಹೆಸರು ರೋಮನರ ಮದ್ಯದೇವತೆಯಾದ ಬಾಕ್ಕಸನ ಬಲಿಪೀಠದಿಂದ ಬಂದಿತೆಂದು ಹೇಳುವ ರೂಢಿಯುಂಟು. ನದಿಯಲ್ಲಿದ್ದ ಒಂದು ಬಂಡೆಯೇ ಆ ಪೀಠವಂತೆ; ನೀರು ಇಳಿದು ಬಂಡೆಯು ಹೊರಬಿದ್ದ ವರ್ಷ ದ್ರಾಕ್ಷಿಯು ಚೆನ್ನಾಗಿ ಬೆಳೆಯುವುದೆಂದು ಜನರು ಹಿಗ್ಗುತ್ತಿದ್ದರು. ವಿದ್ವಾಂಸರು ಈ ನಿರುಕ್ತವನ್ನು ಒಪ್ಪದೆ, ಹೆಸರು ಅದಕ್ಕಿಂತ ಹಳೆಯ ಕೆಲ್ಟಿಕ್ ಭಾಷೆಯದೆನ್ನುವರು. ಆದರೆ ನೀರು ಇಳಿಯುವ ಮಾತು ಈಗ ಹಿಗ್ಗಿನದಲ್ಲ. ಕೌಬಿನಲ್ಲಿ ನದಿಯ ಮಟ್ಟವನ್ನು ಅಳೆಯುವ ಗುರುತೊಂದಿದೆ; ರೈನ್ ನದಿಯ ಹಡಗಿನ ದಾರಿಯಲ್ಲಿ ನೀರು ಅತಿ ಕಡಮೆಯಾಗಿರುವ ಸ್ಥಳಗಳಲ್ಲಿ ಇದು ಒಂದಾದುದರಿಂದ ಹಡಗಿನವರೆಲ್ಲರೂ ಆ ಅಂಕಿಯನ್ನೇ ಕಾಯುತ್ತಿರುವರು. 2018ರ ಅಕ್ಟೋಬರಿನಲ್ಲಿ ಆ ಗುರುತು 25 ಸೆಂಟಿಮೀಟರಿಗೆ ಇಳಿದಿದ್ದಿತು. ಗುರುತಿನ ಸೊನ್ನೆಯು ನದಿಯ ತಳವಲ್ಲ. ಹಡಗಿನ ದಾರಿಯಲ್ಲಿ ಅದಕ್ಕಿಂತ ಸುಮಾರು ಒಂದು ಮೀಟರು ಹೆಚ್ಚು ನೀರು ಇದ್ದೇ ಇರುವುದು. ಆದರೂ ಸರಕಿನ ಹಡಗುಗಳು ತಮ್ಮ ಭಾರದಲ್ಲಿ ಒಂದಂಶವನ್ನು ಮಾತ್ರ ಹೊತ್ತು ಹರಿದಾಡಬೇಕಾಯಿತು.

ನಮ್ಮ ಹಡಗು ಹೊರಟಾಗ ಮಟ್ಟವು ಸಾಕಷ್ಟಿದ್ದಿತು. ನಡುನೀರಿನ ಸುಂಕದ ಗೋಪುರವು ಬಲಕ್ಕೆ ಸರಿಯಿತು. ಮುಂದೆ ಬರುವ ಲೊರೆಲೈ ಬಂಡೆಯನ್ನು ನೋಡಲು ಎಲ್ಲರೂ ಮುಂಭಾಗಕ್ಕೆ ನೆರೆದರು. ಹಾಡಿನಿಂದ ನಾವಿಕರನ್ನು ಮರುಳುಗೊಳಿಸಿದ ಆ ಚೆಲುವೆಯ ಕಥೆಯು ಬಹು ಪುರಾತನವೆಂದು ಹಲವರ ನಂಬಿಕೆ. ಅವಳನ್ನು ಸೃಷ್ಟಿಸಿದವನು ಬ್ರೆಂಟಾನೊ ಎಂಬ ಕವಿ, 1801ರಲ್ಲಿ. ಅವನ ಪದ್ಯದಲ್ಲಿ ಅವಳ ಊರು ಬಾಖರಾಖ್.

ಲೊರೆಲೈ ಬರುವುದಕ್ಕೆ ಮೊದಲು ಎಡದಡದಲ್ಲಿ ಓಬರ್‌ವೇಸೆಲ್ ಕಾಣುವುದು. ಆ ಹುಡುಗನು ಕೂಲಿ ಮಾಡುತ್ತಿದ್ದ ಊರು. ಅಲ್ಲಿಯೂ ಊರಗೋಡೆಗೆ ಸೇರಿದಂತೆ, ನದಿಗೆ ಮುಖವಾಗಿ, ಅವನ ಹೆಸರಿನ ಒಂದು ಪ್ರಾರ್ಥನಾಲಯವಿದ್ದಿತು. ಕಟ್ಟಡವು ಈಗಲೂ ಇದೆ, ಹೆಸರನ್ನು ಬದಲಾಯಿಸಿದ್ದಾರೆ. ಬಾಖರಾಖಿನ ಪಾಳು ಗೋಡೆಗಳಿಗೆ ಇಂದಿಗೂ ವೆರ್ನರನ ಪ್ರಾರ್ಥನಾಲಯವೆಂದೇ ಹೆಸರು.