ಪಟ್ಟ ಯಾರಿಗೆ? – ಚೀನಾ ಚಕ್ರವರ್ತಿಗಳ ಒಂದು ಗುಟ್ಟು

ಯಜಮಾನನು ಕಣ್ಣು ಮುಚ್ಚಿದ ಮೇಲೆ ಬೀಗದ ಕೈ ಯಾರಿಗೆ ಎಂಬ ಪ್ರಶ್ನೆ ಬಂದರೆ ಸಾಮಾನ್ಯರ ಮನೆಗಳೇ ಒಡೆದುಹೋಗುತ್ತವೆ. ಆ ಬೀಗದ ಕೈ ಇಡೀ ಚೀನಾ ದೇಶದ್ದೇ ಆದರೆ? 1644ರಿಂದ 1912ರವರೆಗೆ ಬೀಜಿಂಗಿನಲ್ಲಿ, ಅಂದರೆ ನಮ್ಮ ಹಿರಿಯರು ಪೀಕಿಂಗ್ ಎನ್ನುತ್ತಿದ್ದ ನಗರದಲ್ಲಿ, ಆಳಿದ ಚಿಂಗ್ ವಂಶದವರು ಈ ತೊಡಕಿಗೆ ಕಂಡುಕೊಂಡ ಉಪಾಯವು ಬಲು ಸ್ವಾರಸ್ಯವಾದುದು.

ಇವರು ಈಶಾನ್ಯದ ಕಡೆಯಿಂದ ಬಂದ ಮಾಂಚೂ ಜನ. ಹಿರಿಯ ಮಗನಿಗೇ ಪಟ್ಟವೆಂಬ ಕಟ್ಟು ಅವರಲ್ಲಿರಲಿಲ್ಲ. 1661ರಲ್ಲಿ ಷುನ್‌ಜಿ ಚಕ್ರವರ್ತಿಯು ಸಿಡುಬಿನಿಂದ ತೀರಿಕೊಂಡಾಗ, ಏಳು ವರ್ಷ ತುಂಬದ ಮಗ ಕಾಂಗ್‌ಶಿಗೆ ಪಟ್ಟವಾಯಿತು. ಆ ಹುಡುಗನಿಗೆ ಆಗಲೇ ಸಿಡುಬು ಬಂದು ವಾಸಿಯಾಗಿತ್ತು. ಇನ್ನು ಆ ರೋಗದ ಭಯವಿಲ್ಲವೆಂಬುದೇ ಅವನ ದೊಡ್ಡ ಯೋಗ್ಯತೆ!

ಕಾಂಗ್‌ಶಿಯು 61 ವರ್ಷ ಆಳಿದನು. ದಿಲ್ಲಿಯಲ್ಲಿ ಔರಂಗಜೇಬನೂ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರೂ ಇದ್ದ ಕಾಲವದು. ರಾಜ್ಯವನ್ನು ಚೆನ್ನಾಗಿ ನಡೆಸಿದ ಈ ದೊರೆಗೆ ಮಕ್ಕಳ ವಿಷಯದಲ್ಲಿ ಮಾತ್ರ ಸುಖವಿರಲಿಲ್ಲ. ಹೆತ್ತೊಡನೆ ತೀರಿಕೊಂಡ ಪಟ್ಟದರಸಿಯ ಮಗ ಯಿನ್‌ರೆಂಗ್ ಎರಡು ವರ್ಷವೂ ತುಂಬದ ಕೂಸಾಗಿದ್ದಾಗಲೇ ಅವನನ್ನು ಯುವರಾಜನೆಂದು ಸಾರಿದನು. ತಾಯಿಯಿಲ್ಲದ ಮಗುವೆಂಬ ಮುದ್ದು ಬೇರೆ. ಯುವರಾಜನ ಸುತ್ತ ಒಂದು ಕೂಟ ಬೆಳೆಯಿತು. ಉಳಿದ ಮಕ್ಕಳು ತಮ್ಮ ತಮ್ಮ ಕೂಟ ಕಟ್ಟಿದರು. ಅವರೇನು ಒಬ್ಬಿಬ್ಬರೇ? ಇಪ್ಪತ್ತಕ್ಕೂ ಹೆಚ್ಚು! 1708ರಲ್ಲಿ ಬೇಟೆಯ ಬಿಡಾರದಲ್ಲಿದ್ದಾಗ, ಯುವರಾಜನು ರಾತ್ರಿ ತನ್ನ ಡೇರೆಯ ಸಂದಿನಿಂದ ಇಣುಕಿ ನೋಡುತ್ತಾನೆಂದು ಮುದುಕನಿಗೆ ಭಯ ಹತ್ತಿತು. ಎಲ್ಲರೆದುರು ಅಳುತ್ತಲೇ ಮಗನನ್ನು ಪದವಿಯಿಂದ ತೆಗೆದನು. ಮನಸ್ಸು ತಡೆಯದೆ ಮರುವರ್ಷ ಮತ್ತೆ ಕೊಟ್ಟನು. 1712ರಲ್ಲಿ ಮತ್ತೆ ಕಿತ್ತುಕೊಂಡನು. ಆಮೇಲೆ ಯಾರ ಹೆಸರನ್ನೂ ಬಹಿರಂಗವಾಗಿ ಎತ್ತಲಿಲ್ಲ.

1722ರಲ್ಲಿ ಅವನು ತೀರಿಕೊಂಡಾಗ ಪಟ್ಟವು ನಾಲ್ಕನೆಯ ಮಗನಿಗೆ ಹೋಯಿತು. ಇವನೇ ಯುಂಗ್‌ಜೆಂಗ್. ತಂದೆ ಬರೆದಿದ್ದುದು ಹದಿನಾಲ್ಕನೆಯ ಮಗನ ಹೆಸರು, ಇವನು ಹತ್ತು ಎಂಬ ಅಕ್ಷರಕ್ಕೆ ಗೀಟು ಸೇರಿಸಿ ತಿದ್ದಿದನು ಎಂದು ಊರೆಲ್ಲ ಗುಸುಗುಸು. ರಾಜಶಾಸನಗಳನ್ನು ಮಾಂಚೂ ಲಿಪಿಯಲ್ಲಿಯೂ ಬರೆಯುತ್ತಿದ್ದರು, ಅಲ್ಲಿ ಈ ಕೈಚಳಕ ಸಾಗದು. ಆದ್ದರಿಂದ ಇದು ಕಟ್ಟುಕತೆಯೆಂದೇ ನನಗೆ ತೋರುತ್ತದೆ. ಆದರೆ ಗುಸುಗುಸುವಿಗೆ ಲಿಪಿಯ ಹಂಗೆಲ್ಲಿಯದು? ಅವನ ತಮ್ಮಂದಿರಲ್ಲಿ ಇಬ್ಬರು 1726ರಲ್ಲಿ ಸೆರೆಯಲ್ಲಿಯೇ ಸತ್ತರು.

ತಾನು ಪಟ್ಟ ಪಾಡು ಮಕ್ಕಳಿಗೆ ಬೇಡವೆಂದು ಯುಂಗ್‌ಜೆಂಗನು 1723ರಲ್ಲಿಯೇ ಒಂದು ಏರ್ಪಾಡು ಮಾಡಿದ್ದನು. ಉತ್ತರಾಧಿಕಾರಿಯ ಹೆಸರನ್ನು ತಾನೇ ಬರೆದು, ಪೆಟ್ಟಿಗೆಯಲ್ಲಿಟ್ಟು ಮುದ್ರೆಯೊತ್ತಿ, ಸಿಂಹಾಸನದ ಮೇಲ್ಗಡೆ ತೂಗುಹಾಕಿದ್ದ ಫಲಕದ ಹಿಂದೆ ಇಡಿಸಿದನು. ಇನ್ನೊಂದು ಪ್ರತಿ ತನ್ನ ಬಳಿ. ಸತ್ತ ಮೇಲೆ ಎರಡನ್ನೂ ತಾಳೆ ನೋಡತಕ್ಕದ್ದು. ಪೆಟ್ಟಿಗೆ ಇರುವುದು ಎಲ್ಲರಿಗೂ ಗೊತ್ತು. ಒಳಗಿನ ಹೆಸರು ಯಾರಿಗೂ ಗೊತ್ತಿಲ್ಲ. ಹಾಗಾಗಿ ಯಾರ ಸುತ್ತ ಕೂಟ ಕಟ್ಟುವುದು? ಫಲಕದ ಮೇಲಿದ್ದ ನಾಲ್ಕು ಅಕ್ಷರಗಳ ಅರ್ಥ ಮಾತ್ರ ಋಜುತ್ವ, ಬೆಳಕು ಎಂದು. ಗುಟ್ಟನ್ನು ಬಚ್ಚಿಡಲು ತಕ್ಕ ಜಾಗವೇ ಸರಿ!

ಉಪಾಯ ಫಲಿಸಿತು. 1735ರಲ್ಲಿ ಚಿಯೆನ್‌ಲುಂಗನು ಜಗಳವಿಲ್ಲದೆ ಪಟ್ಟವೇರಿದನು. ಅವನು ಮೊದಲು ಬರೆದಿಟ್ಟ ಹೆಸರಿನ ಎಳೆಯ ಮಗ 1738ರಲ್ಲಿ ತೀರಿಹೋದನು. ತಂದೆಯೇ ಪೆಟ್ಟಿಗೆಯನ್ನು ಇಳಿಸಬೇಕಾಯಿತು. 1773ರಲ್ಲಿ ಮತ್ತೊಂದು ಹೆಸರು ಬರೆದನು. ಅಜ್ಜ ಕಾಂಗ್‌ಶಿಗಿಂತ ಹೆಚ್ಚು ಕಾಲ ಆಳಬಾರದೆಂಬ ಭಕ್ತಿಯಿಂದ 1796ರಲ್ಲಿ ಮಗ ಜಿಯಾಚಿಂಗನಿಗೆ ಪಟ್ಟ ಬಿಟ್ಟುಕೊಟ್ಟನು. ಅಧಿಕಾರವನ್ನು ಮಾತ್ರ 1799ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಅವನ ಮೊಮ್ಮಗ ದಾವ್‌ಗುವಾಂಗನು 1846ರಲ್ಲಿ ಬರೆದ ಕಾಗದ ಇಂದಿಗೂ ಉಳಿದಿದೆ. ನಾಲ್ಕನೆಯ ಮಗನಿಗೆ ಪಟ್ಟ, ಆರನೆಯವನಿಗೆ ದೊಡ್ಡ ರಾಜಕುಮಾರನ ಪದವಿ ಎಂದು ಇಬ್ಬರ ಹೆಸರೂ ಅದೇ ಕಾಗದದಲ್ಲಿವೆ. ಎರಡನೆಯವನ ಮನಸ್ಸು ನೋಯದಿರಲೆಂದೋ ಏನೋ!

ಆಮೇಲೆ ಪೆಟ್ಟಿಗೆಗೆ ಕೆಲಸವೇ ಇಲ್ಲವಾಯಿತು. ಪಟ್ಟಕ್ಕೆ ಬಂದ ಆ ನಾಲ್ಕನೆಯ ಮಗ ಶಿಯೆನ್‌ಫೆಂಗನು 1861ರಲ್ಲಿ ತೀರಿಕೊಂಡಾಗ ಇದ್ದುದು ಒಬ್ಬನೇ ಮಗ, ಐದು ವರ್ಷದ ತುಂಗ್‌ಜಿ. ಆ ಹುಡುಗನೂ 1875ರಲ್ಲಿ, ಮಕ್ಕಳಿಲ್ಲದೆ, 18ನೆಯ ವಯಸ್ಸಿನಲ್ಲಿ ಹೋದನು. ಅವನ ತಾಯಿ ತ್ಸುಶಿಯು ತನ್ನ ತಂಗಿಯ ಮೂರು ವರ್ಷದ ಮಗ ಗುವಾಂಗ್‌ಶುವನ್ನು ತಂದು ಕೂರಿಸಿದಳು. ಇವನು ಸತ್ತವನಿಗೆ ತಮ್ಮನ ಸಾಲಿನವನು. ತಮ್ಮನು ಮಗನಾಗಿ ಪಿತೃಕಾರ್ಯ ಮಾಡುವುದುಂಟೇ? ಈ ಅನ್ಯಾಯವನ್ನು ತಾಳಲಾರದೆ ವೂ ಕದು ಎಂಬ ಅಧಿಕಾರಿಯು 1879ರಲ್ಲಿ ಪ್ರಾಣವನ್ನೇ ಬಿಟ್ಟನು. ಆಕೆ ಜಗ್ಗಲಿಲ್ಲ.

1908ರ ನವೆಂಬರ್ 14ರಂದು ಗುವಾಂಗ್‌ಶು ಸತ್ತನು, ಮರುದಿನ ತ್ಸುಶಿ. ದೊರೆಯ ಕೂದಲಲ್ಲಿ ಪಾಷಾಣ ಮಿತಿಮೀರಿ ಇತ್ತೆಂದು ಚೀನಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಸಾಯುವ ಮೊದಲು ತ್ಸುಶಿಯು ಮೂರು ವರ್ಷವೂ ತುಂಬದ ಪೂಯಿಯನ್ನು ಆರಿಸಿಟ್ಟಿದ್ದಳು. ಆ ಡಿಸೆಂಬರಿನ ಚಳಿಯಲ್ಲಿ ಪಟ್ಟಾಭಿಷೇಕ. ಮಗು ಮನೆಗೆ ಹೋಗಬೇಕೆಂದು ಒಂದೇ ಸಮನೆ ಅಳುತ್ತಿತ್ತು. ಇನ್ನೇನು ಮುಗಿದೇಹೋಯಿತು ಎಂದು ತಂದೆ ಸಮಾಧಾನ ಮಾಡಿದನಂತೆ. ಅಪಶಕುನವಾಯಿತೆಂದು ನಿಂತವರು ಪಿಸುಗುಟ್ಟಿದರಂತೆ. 1912ರ ಫೆಬ್ರವರಿ 12ರಂದು ಪಟ್ಟತ್ಯಾಗದ ಶಾಸನ ಹೊರಟಿತು. ಆಗ ಪೂಯಿಗೆ ಇನ್ನೂ ಆರು ವರ್ಷ.